ಹಿಮ ನಿಂತ ಮೇಲೆ ಮುಚ್ಚಿದ ರಸ್ತೆ: ವಯೋಮಿಂಗ್ ಐ-80ರಲ್ಲಿ ಸಿಕ್ಕ ಒಂದು ಹಗುರ ಲೋಡ್

ಸಾಲ್ಟ್ ಲೇಕ್ ಸಿಟಿಯಿಂದ ಒಮಾಹಾಗೆ ಒಂದು ಟ್ರೇಲರ್ ತುಂಬಾ ಟಿಶ್ಯೂ ಪೇಪರ್. ದೂರ ಸುಮಾರು 930 ಮೈಲಿ. ಐ-80 ಹೆದ್ದಾರಿ ಹತ್ತಿದರೆ ಸೀದಾ ಒಮಾಹಾದಲ್ಲೇ ಇಳಿಯಬಹುದು. ಮಂಗಳವಾರ ಮಧ್ಯಾಹ್ನ ಲೋಡಿಂಗ್, ಗುರುವಾರ ಮಧ್ಯಾಹ್ನ 2 ಗಂಟೆಗೆ ಡೆಲಿವರಿ. ಬೇಸಿಗೆಯಲ್ಲಿ ಇಂಥ ಲೋಡಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಬಂದದ್ದು ಜನವರಿಯಲ್ಲಿ, ವಯೋಮಿಂಗ್ ಮೇಲೆ ಬಿರುಗಾಳಿ ಬರುತ್ತಿದೆ ಅನ್ನುವ ಮುನ್ಸೂಚನೆಯ ಜೊತೆಗೆ.

ನಾನು ಒಂದು ಸಣ್ಣ ಟ್ರಕ್ ಕಂಪನಿಯ ಪ್ಲಾನಿಂಗ್ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವ ಟ್ರಕ್ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲಬೇಕು ಅಂತ ನೋಡುವುದು ನನ್ನ ಕೆಲಸ. ಈ ಪ್ರಕರಣದಲ್ಲಿ ಕಂಪನಿ, ಡ್ರೈವರ್, ಬ್ರೋಕರ್ ಯಾರ ಹೆಸರೂ ಹಾಕಿಲ್ಲ. ರಸ್ತೆ, ಊರು, ನಿಯಮ ಮಾತ್ರ ಇದ್ದ ಹಾಗೇ ಇವೆ. ಇದರಲ್ಲಿ ಯಾವ ಟ್ರಕ್ಕೂ ಉರುಳಲಿಲ್ಲ, ಯಾರಿಗೂ ಏಟಾಗಲಿಲ್ಲ. ಆದರೂ ಬರೆಯುತ್ತಿರುವುದು ಯಾಕೆಂದರೆ, ಒಂದೇ ದಿನ, ಒಂದೇ ರಸ್ತೆಯಲ್ಲಿ ನಮ್ಮ ಎರಡು ಟ್ರಕ್‌ಗಳಿಗೆ ಎರಡು ಬೇರೆ ಉತ್ತರ ಕೊಡಬೇಕಾಯಿತು. ಎರಡೂ ಸರಿ ಅಂತ ನನ್ನ ಅಭಿಪ್ರಾಯ. ನಮ್ಮ ಆಪರೇಷನ್ಸ್ ಮ್ಯಾನೇಜರ್ ಇವತ್ತಿಗೂ ಅರ್ಧ ಮಾತ್ರ ಒಪ್ಪುತ್ತಾರೆ.

ರಸ್ತೆ ಮತ್ತು ಟ್ರಕ್

ವಯೋಮಿಂಗ್‌ನಲ್ಲಿ ಐ-80 ಸುಮಾರು 400 ಮೈಲಿ ಉದ್ದ. ಪಶ್ಚಿಮದಲ್ಲಿ ಎವನ್‌ಸ್ಟನ್, ಆಮೇಲೆ ರಾಕ್ ಸ್ಪ್ರಿಂಗ್ಸ್, ರಾಲಿನ್ಸ್, ಲಾರಮಿ, ಷೈಯೆನ್. ಬಹುತೇಕ ಇಡೀ ರಸ್ತೆ 6,000 ಅಡಿಗಿಂತ ಎತ್ತರದಲ್ಲಿದೆ. ಲಾರಮಿ ಮತ್ತು ಷೈಯೆನ್ ನಡುವಿನ ಶರ್ಮನ್ ಸಮಿಟ್ 8,640 ಅಡಿ, ಇಡೀ ಐ-80ಕ್ಕೇ ಎತ್ತರದ ಜಾಗ ಅದು. ಆದರೆ ಡ್ರೈವರ್‌ಗಳು ಹೆದರುವುದು ಆ ತುದಿಗಲ್ಲ. ರಾಲಿನ್ಸ್ ಮತ್ತು ಲಾರಮಿ ನಡುವಿನ ಸುಮಾರು ನೂರು ಮೈಲಿಗೆ. ಅದರಲ್ಲೂ ಎಲ್ಕ್ ಮೌಂಟನ್ ಮತ್ತು ಆರ್ಲಿಂಗ್ಟನ್ ಹತ್ತಿರದ ತುಂಡಿಗೆ.

ಹಳೆಯ ಹೆದ್ದಾರಿ ಯುಎಸ್ 30 ಅಲ್ಲಿ ಬೆಟ್ಟದಿಂದ ದೂರ, ಉತ್ತರಕ್ಕೆ ಮೆಡಿಸಿನ್ ಬೋ ಕಡೆ ಬಳಸಿಕೊಂಡು ಹೋಗುತ್ತದೆ. ಹೊಸ ರಸ್ತೆಯನ್ನು ಸುಮಾರು 20 ಮೈಲಿ ಉಳಿಸಲು ಬೆಟ್ಟದ ಬುಡದಲ್ಲೇ ಹಾಕಿದರು. 1970ರಲ್ಲಿ ಅದು ತೆರೆಯಿತು. ಅಲ್ಲಿ ಹಾಕಬೇಡಿ ಅಂತ ಊರಿನವರು ಮೊದಲೇ ಹೇಳಿದ್ದರಂತೆ. ಅವರ ಮಾತು ಸರಿ ಅಂತ ಮೊದಲ ಚಳಿಗಾಲವೇ ತೋರಿಸಿಕೊಟ್ಟಿತು. ಆಮೇಲೆ ರಸ್ತೆ ಪಕ್ಕ ಮೈಲಿಗಟ್ಟಲೆ ಹಿಮ ತಡೆಯುವ ಮರದ ಬೇಲಿಗಳನ್ನು ಕಟ್ಟಿದರು. ಹವಾಮಾನ ನೋಡಿ ವೇಗದ ಮಿತಿ ಬದಲಾಯಿಸುವ ಬೋರ್ಡ್‌ಗಳನ್ನೂ ಆಮೇಲೆ ಹಾಕಿದರು. ಎಲ್ಲ ಇದ್ದರೂ ಚಳಿಗಾಲದಲ್ಲಿ ಆ ತುಂಡು ಮತ್ತೆ ಮತ್ತೆ ಮುಚ್ಚುತ್ತದೆ.

ಇನ್ನು ಟ್ರಕ್. 53 ಅಡಿಯ ಡ್ರೈ ವ್ಯಾನ್ ಟ್ರೇಲರ್, ಅಂದರೆ ದೊಡ್ಡ ಮುಚ್ಚಿದ ಪೆಟ್ಟಿಗೆಯಂಥದ್ದು. ಅಮೆರಿಕದಲ್ಲಿ ಸಾಮಾನ್ಯ ಮಿತಿ ಒಟ್ಟು 80 ಸಾವಿರ ಪೌಂಡ್. ಟಿಶ್ಯೂ ಪೇಪರ್ ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ನಮ್ಮ ಟ್ರಕ್ಕಿನ ತೂಕದ ಚೀಟಿಯಲ್ಲಿ ಬಂದದ್ದು 44 ಸಾವಿರ ಪೌಂಡ್. ಅಂದರೆ ಖಾಲಿ ಟ್ರಕ್ಕಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಇದರ ಮೇಲೇ ನಿಂತಿದೆ.

ಡ್ರೈವರ್‌ಗೆ ಅನುಭವ ಇತ್ತು. ಆದರೆ ಜಾಸ್ತಿ ಟೆಕ್ಸಾಸ್, ಅರಿಜೋನಾ ಕಡೆಯದು. ಚಳಿಗಾಲದ ವಯೋಮಿಂಗ್ ಅವರಿಗೆ ಹೊಸದು.

ಬರುತ್ತಿದ್ದದ್ದು ಯಾವ ಬಿರುಗಾಳಿ?

ಭಾನುವಾರದಿಂದಲೇ ಮುನ್ಸೂಚನೆ ಇತ್ತು. ಮಂಗಳವಾರ ಮಧ್ಯರಾತ್ರಿ ಹೊತ್ತಿಗೆ ತಂಪು ಗಾಳಿಯ ಅಲೆ ಎವನ್‌ಸ್ಟನ್ ಮುಟ್ಟುತ್ತದೆ. ಬೆಳಗಿನ ಜಾವ ರಾಲಿನ್ಸ್, ಆಮೇಲೆ ಲಾರಮಿ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಹಿಮ ಬೀಳುವುದು ನಿಲ್ಲುತ್ತದೆ.

ಹೆಚ್ಚಿನವರು ಇಲ್ಲಿಗೇ ಓದುವುದನ್ನು ನಿಲ್ಲಿಸುತ್ತಾರೆ. ಮಧ್ಯಾಹ್ನ ಹಿಮ ನಿಂತರೆ ಸಂಜೆ ಹೊರಡಬಹುದು, ಅಲ್ವಾ? ವಯೋಮಿಂಗ್‌ನಲ್ಲಿ ಈ ಲೆಕ್ಕ ತಲೆಕೆಳಗು. ಅಲೆ ದಾಟಿದ ಮೇಲೇ ಪಶ್ಚಿಮದ ಗಾಳಿ ಜೋರಾಗುತ್ತದೆ. ಆಗ ನೆಲದ ಮೇಲೆ ಹೊಸದಾಗಿ ಬಿದ್ದ, ಹಗುರಾದ, ಒಣ ಹಿಮ ಇರುತ್ತದೆ. ಗಾಳಿ ಅದನ್ನೆಲ್ಲ ಎತ್ತಿಕೊಂಡು ರಸ್ತೆಗೆ ಅಡ್ಡ ಹೊಡೆಯುತ್ತದೆ. ಡ್ರೈವರ್‌ಗಳು ಇದನ್ನು ಗ್ರೌಂಡ್ ಬ್ಲಿಜರ್ಡ್ ಅನ್ನುತ್ತಾರೆ. ತಲೆ ಎತ್ತಿದರೆ ನೀಲಿ ಆಕಾಶ, ಬಿಸಿಲು. ಮುಂದೆ ನೋಡಿದರೆ ಬಾನೆಟ್ ತುದಿ ಕಾಣಿಸುವುದಿಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಬ್ಲಿಜರ್ಡ್ ವ್ಯಾಖ್ಯೆಯಲ್ಲೂ ಹಿಮ ಬೀಳಲೇಬೇಕು ಅಂತಿಲ್ಲ. ಗಂಟೆಗೆ 35 ಮೈಲಿ ಅಥವಾ ಅದಕ್ಕೂ ಜೋರಿನ ಗಾಳಿ, ಕಾಲು ಮೈಲಿಗೂ ಕಮ್ಮಿ ಕಾಣುವ ದೂರ, ಇದು ಮೂರು ಗಂಟೆ ಇದ್ದರೆ ಸಾಕು. ಬಿದ್ದಿರುವ ಹಿಮ ಹಾರಾಡಿದರೂ ಅದು ಬ್ಲಿಜರ್ಡೇ.

ಇನ್ನೊಂದು ವಿಷಯ ದಿಕ್ಕಿನದು. ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಿತ್ತು. ನಮ್ಮ ಟ್ರಕ್ಕೂ ಅದೇ ಕಡೆಗೆ. ಎದುರಿನಿಂದ ಬರುವ ಟ್ರಕ್ ಬಿರುಗಾಳಿಯನ್ನು ಬೇಗ ದಾಟಿಬಿಡುತ್ತದೆ. ಅದರ ಜೊತೆಗೇ ಹೋಗುವ ಟ್ರಕ್ ಗಂಟೆಗಟ್ಟಲೆ ಅದರೊಳಗೇ ಇರುತ್ತದೆ. ಹಿಂದೆ ಹೊರಟರೂ ಅದಕ್ಕಿಂತ ವೇಗವಾಗಿ ಹೋಗಿ ಅದನ್ನೇ ಹಿಡಿಯುತ್ತದೆ. ಹಾಗಾಗಿ ಪೂರ್ವಕ್ಕೆ ಹೋಗುವವರಿಗೆ ಎರಡೇ ದಾರಿ. ಅದಕ್ಕಿಂತ ತುಂಬಾ ಮುಂದಿರಬೇಕು, ಇಲ್ಲ ತುಂಬಾ ಹಿಂದಿರಬೇಕು.

ಮೊದಲ ಪ್ಲಾನ್ ಮುಂದಿರುವುದು. ಮಂಗಳವಾರ ಮಧ್ಯಾಹ್ನ 2ಕ್ಕೆ ಹೊರಟರೆ ರಾತ್ರಿ ಹತ್ತರ ಒಳಗೆ ಷೈಯೆನ್. ಅಲೆ ಎವನ್‌ಸ್ಟನ್ ಮುಟ್ಟುವಾಗ ನಾವು ವಯೋಮಿಂಗ್‌ನ ಇನ್ನೊಂದು ತುದಿಯಲ್ಲಿ ಇರುತ್ತೇವೆ.

ಗೋದಾಮಿನಲ್ಲಿ ಲೋಡಿಂಗ್ ಮುಗಿದದ್ದು ಸಂಜೆ 6ಕ್ಕೆ.

ಬೇರೆ ದಾರಿ ಇತ್ತಾ?

ನಕ್ಷೆಯಲ್ಲಿ ಇತ್ತು. ಯೂಟಾದಲ್ಲಿ ದಕ್ಷಿಣಕ್ಕೆ ಇಳಿದು ಯುಎಸ್ 6 ಹಿಡಿದು, ಐ-70ರಲ್ಲಿ ಡೆನ್ವರ್‌ಗೆ, ಅಲ್ಲಿಂದ ಐ-76ರಲ್ಲಿ ಮತ್ತೆ ಐ-80ಕ್ಕೆ. ನೂರು ಮೈಲಿಗೂ ಜಾಸ್ತಿ ಸುತ್ತು. ಸುತ್ತು ದೊಡ್ಡ ವಿಷಯ ಅಲ್ಲ. ಆದರೆ ಆ ದಾರಿಯಲ್ಲಿ ವೇಲ್ ಪಾಸ್ 10,600 ಅಡಿಗೂ ಮೇಲೆ, ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲೆ. ಇಳಿಜಾರು ಐ-80ಕ್ಕಿಂತ ಕಡಿದು. ಸೆಪ್ಟೆಂಬರ್‌ನಿಂದ ಮೇ ತನಕ ಅಲ್ಲಿ ವಾಣಿಜ್ಯ ವಾಹನಗಳು ಟೈರ್ ಚೈನ್ ಇಟ್ಟುಕೊಂಡೇ ಓಡಾಡಬೇಕು. ಚೈನ್ ಟ್ರಕ್ಕಿನಲ್ಲಿತ್ತು. ಕತ್ತಲಲ್ಲಿ, ಹಿಮದಲ್ಲಿ ಅದನ್ನು ಕಟ್ಟಿದ ಅನುಭವ ಡ್ರೈವರ್‌ಗೆ ಇರಲಿಲ್ಲ. ಜೊತೆಗೆ ಅದೇ ಬಿರುಗಾಳಿಯ ದಕ್ಷಿಣದ ಭಾಗ ಕೊಲರಾಡೋ ಮೇಲೂ ಬರುವುದಿತ್ತು. ಒಂದು ಬಿರುಗಾಳಿ ತಪ್ಪಿಸಲು ಇನ್ನೂ ಎತ್ತರದ ಬೆಟ್ಟಕ್ಕೆ ಹೋಗಿ ಅದೇ ಬಿರುಗಾಳಿಯನ್ನು ಭೇಟಿಯಾಗುವ ದಾರಿ ಅದು. ಹತ್ತು ನಿಮಿಷದಲ್ಲಿ ಬಿಟ್ಟೆವು.

ಉತ್ತರಕ್ಕೆ ಮೊಂಟಾನಾ ಸುತ್ತಿ ಐ-90ರಲ್ಲಿ ಬರುವುದು ನೂರಾರು ಮೈಲಿ ಜಾಸ್ತಿ. ಅದನ್ನು ಯಾರೂ ಗಂಭೀರವಾಗಿ ಮಾತಾಡಲೇ ಇಲ್ಲ.

ಉಳಿದದ್ದು ಐ-80ರಲ್ಲೇ ಹೋಗಿ ಎಲ್ಲಿ ನಿಲ್ಲುವುದು ಅನ್ನುವ ಪ್ರಶ್ನೆ.

ಮೊದಲ ತಿರುವು: ಎರಡು ಗಂಟೆಯ ಆಸೆ

ಡ್ರೈವರ್ ಮಂಗಳವಾರ ಕೆಲಸ ಶುರು ಮಾಡಿದ್ದು ಬೆಳಗ್ಗೆ 9ಕ್ಕೆ, ಬೇರೆ ಲೋಡ್ ಇಳಿಸಲು. ಫೆಡರಲ್ ನಿಯಮದ ಪ್ರಕಾರ ಶುರುವಾದಲ್ಲಿಂದ 14 ಗಂಟೆಯೊಳಗೆ ಓಡಿಸುವುದು ಮುಗಿಯಬೇಕು. ಅದರಲ್ಲಿ ಓಡಿಸುವುದು ಹೆಚ್ಚೆಂದರೆ 11 ಗಂಟೆ. ಆಮೇಲೆ 10 ಗಂಟೆ ಬಿಡುವು. ಗೋದಾಮಿನಲ್ಲಿ ಸುಮ್ನೆ ಕಾದರೂ 14ರ ಗಡಿಯಾರ ಓಡುತ್ತಲೇ ಇರುತ್ತದೆ. ಹಾಗಾಗಿ ಸಂಜೆ 6:20ಕ್ಕೆ ಹೊರಟಾಗ ಕೈಯಲ್ಲಿದ್ದದ್ದು ರಾತ್ರಿ 11ರ ತನಕ.

ಮ್ಯಾನೇಜರ್ ಆಗ ಒಂದು ಮಾತು ತೆಗೆದರು. ನಿಯಮದಲ್ಲಿ ಪ್ರತಿಕೂಲ ಹವಾಮಾನಕ್ಕೆ ಎರಡು ಗಂಟೆ ವಿನಾಯಿತಿ ಇದೆ. ಅದನ್ನು ಹಾಕಿಕೊಂಡರೆ ರಾತ್ರಿ 1 ಗಂಟೆ. ಹೆಚ್ಚು ಕಮ್ಮಿ ಲಾರಮಿ ಸಿಗುತ್ತದೆ, ಅಲೆ ಬರುವ ಮೊದಲೇ. ಲೆಕ್ಕ ನಿಜವಾಗಿಯೂ ಕೂಡುತ್ತಿತ್ತು, ಆಸೆ ಹುಟ್ಟಿಸುವಷ್ಟು.

ಆದರೆ ಆ ವಿನಾಯಿತಿ ಇರುವುದು ಹೊರಡುವ ಮೊದಲು ಗೊತ್ತಿಲ್ಲದ, ಗೊತ್ತಾಗಲು ಸಾಧ್ಯವಿಲ್ಲದ ಪರಿಸ್ಥಿತಿಗೆ. ಭಾನುವಾರದಿಂದ ಈ ಬಿರುಗಾಳಿ ಬಗ್ಗೆ ನಾವೇ ಇಮೇಲ್‌ನಲ್ಲಿ ಮಾತಾಡಿದ್ದೆವು. ಗೊತ್ತಿರಲಿಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? ನಿಯಮ ಪಕ್ಕಕ್ಕಿಟ್ಟರೂ, ಬೆಳಗ್ಗೆಯಿಂದ ಎದ್ದಿರುವ ಮನುಷ್ಯ ಹದಿನಾರನೇ ಗಂಟೆಯಲ್ಲಿ ಆರ್ಲಿಂಗ್ಟನ್ ದಾಟಬೇಕು. ಅಲೆ ಒಂದು ಗಂಟೆ ಬೇಗ ಬಂದರೆ ಲೆಕ್ಕ ಎಲ್ಲ ಕೆಟ್ಟಿತು. ಇದನ್ನು ಬೇಡ ಅಂದೆ. ಅವರೂ ಒಪ್ಪಿದರು, ಇಷ್ಟವಿಲ್ಲದೆ.

ನಿಲ್ಲುವ ಜಾಗ ಆರಿಸಿದ್ದು ಹೀಗೆ. ಬಿರುಗಾಳಿ ಬರುವ ರಾತ್ರಿ ಎಲ್ಲರೂ ನಿಲ್ಲುತ್ತಾರೆ. ಪೂರ್ವಕ್ಕೆ ಹೋದಷ್ಟೂ ಜಾಗ ಕಮ್ಮಿ, ತುಂಬುವುದೂ ಬೇಗ. ಎಕ್ಸಿಟ್ 68ರಲ್ಲಿ ಲಿಟಲ್ ಅಮೆರಿಕಾ ಅನ್ನುವ ಟ್ರಕ್ ಸ್ಟಾಪ್ ಇದೆ, ಅಲ್ಲಿ ದೊಡ್ಡ ಪಾರ್ಕಿಂಗ್ ಇದೆ. ಊಟ, ಸ್ನಾನ, ಡೀಸೆಲ್ ಎಲ್ಲ ಇದೆ. ಅಲ್ಲಿಗೆ ರಾತ್ರಿ 9:15ಕ್ಕೆ ಮುಟ್ಟಬಹುದು. ಅದು ತುಂಬಿದ್ದರೆ 36 ಮೈಲಿ ಮುಂದೆ ರಾಕ್ ಸ್ಪ್ರಿಂಗ್ಸ್ ಇದೆ. ಅಲ್ಲಿಗೂ 11ರ ಒಳಗೆ ಆರಾಮಾಗಿ ಹೋಗಬಹುದು. ನೇರ ರಾಕ್ ಸ್ಪ್ರಿಂಗ್ಸ್‌ಗೇ ಹೋಗಿ ಅದು ತುಂಬಿದ್ದರೆ, ಮುಂದೆ ನಂಬುವಂಥ ಜಾಗ ಗಡಿಯಾರದ ತುದಿಯಲ್ಲಿ ಸಿಗುತ್ತಿತ್ತು. ಮೊದಲನೇದು ತಪ್ಪಿದರೆ ಎರಡನೇದಕ್ಕೆ ಸಮಯ ಇರಬೇಕು. ಇಷ್ಟೇ ನನ್ನ ತರ್ಕ.

ಹೊರಡುವ ಮೊದಲು ಇನ್ನೆರಡು ಕೆಲಸ ಆದವು. ಡೀಸೆಲ್ ಟ್ಯಾಂಕ್ ತುಂಬಿಸಿ, ಅದರ ಜೊತೆಗೇ ಆ್ಯಂಟಿ-ಜೆಲ್ ಹಾಕಿದರು. ಚಳಿ ಜಾಸ್ತಿಯಾದರೆ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಈ ದ್ರವ ಹಾಕಿ ಏನೂ ಪ್ರಯೋಜನ ಇಲ್ಲ. ಎರಡನೇದು, ಸಂಜೆ 6:30ಕ್ಕೇ ಬ್ರೋಕರ್‌ಗೆ ಫೋನ್ ಮಾಡಿ ಗುರುವಾರದ ಡೆಲಿವರಿ ಆಗುವುದಿಲ್ಲ, ಶುಕ್ರವಾರ ಬೆಳಗ್ಗೆಯ ಸಮಯ ಬೇಕು ಅಂದೆವು. ತಡ ಆಗುವ ಮೊದಲೇ ತಡ ಅಂತ ಹೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು. ಆದರೆ ಶುಕ್ರವಾರ 10 ಗಂಟೆ ಸಿಕ್ಕಿತು. ಈ ಒಂದು ಫೋನ್ ಮುಂದಿನ ಎರಡು ದಿನದ ಒತ್ತಡವನ್ನು ಇಳಿಸಿತು ಅಂತ ಈಗ ಅನ್ನಿಸುತ್ತದೆ. ಗುರುವಾರ 2 ಗಂಟೆ ತಲೆ ಮೇಲೆ ನೇತಾಡುತ್ತಿದ್ದರೆ ಬುಧವಾರದ ನಿರ್ಧಾರ ಬೇರೆಯೇ ಆಗುತ್ತಿತ್ತೇನೋ.

ಎವನ್‌ಸ್ಟನ್ ದಾಟಿದ ಮೇಲೆ ಡ್ರೈವರ್‌ಗಳು ಥ್ರೀ ಸಿಸ್ಟರ್ಸ್ ಅನ್ನುವ ಮೂರು ಏರುಗಳಿವೆ. ಹಿಮ ಬಿದ್ದರೆ ಟ್ರಕ್‌ಗಳು ಅಲ್ಲಿ ಚಕ್ರ ತಿರುಗಿಸುತ್ತಾ ನಿಂತುಬಿಡುತ್ತವೆ. ಅವತ್ತು ಒಣ ರಸ್ತೆಯಲ್ಲಿ ದಾಟಿದರು. 9:20ಕ್ಕೆ ಲಿಟಲ್ ಅಮೆರಿಕಾ. ಜಾಗ ಇತ್ತು. ನಿಲ್ಲಿಸುವ ಮೊದಲು ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ ಬಿಸಿ ಮಾಡಿ ಒಣಗಿಸಿದರು. ಒದ್ದೆ ಬ್ರೇಕ್ ರಾತ್ರಿ ಡ್ರಮ್ಮಿಗೆ ಹೆಪ್ಪುಗಟ್ಟಿ ಅಂಟಿಕೊಂಡರೆ ಬೆಳಗ್ಗೆ ಚಕ್ರವೇ ತಿರುಗುವುದಿಲ್ಲ. ಏರ್ ಟ್ಯಾಂಕಿನ ನೀರನ್ನೂ ಬಸಿದರು. ಇವೆರಡನ್ನೂ ಅವರಿಗೆ ಹೇಳಿಕೊಟ್ಟದ್ದು ನಾನಲ್ಲ. ಆ ಸಂಜೆ ರಾಲಿನ್ಸ್‌ನಲ್ಲಿ ನಿಂತಿದ್ದ ನಮ್ಮದೇ ಇನ್ನೊಬ್ಬ ಡ್ರೈವರ್, ಫೋನಿನಲ್ಲಿ.

ಬುಧವಾರ ಮಧ್ಯಾಹ್ನ: ಒಂದು ರಸ್ತೆ, ಎರಡು ಉತ್ತರ

ಬೆಳಗ್ಗೆ 5ಕ್ಕೆ ರಾಲಿನ್ಸ್–ಲಾರಮಿ ಮುಚ್ಚಿತು. ನಮ್ಮ ಡ್ರೈವರ್‌ನ 10 ಗಂಟೆ ಬಿಡುವು 7:20ಕ್ಕೆ ಮುಗಿಯಿತು. ಹೊರಗೆ ನಾಲ್ಕು ಇಂಚು ಹಿಮ. ಹೊರಡುವ ಪ್ರಶ್ನೆಯೇ ಇರಲಿಲ್ಲ.

ಮಧ್ಯಾಹ್ನ 12:30ಕ್ಕೆ ಹಿಮ ನಿಂತಿತು. ಬಿಸಿಲು ಬಂತು. 1:10ಕ್ಕೆ ರಸ್ತೆ ತೆರೆಯಿತು. ಅಕ್ಕಪಕ್ಕದ ಟ್ರಕ್‌ಗಳು ಒಂದೊಂದಾಗಿ ಎಂಜಿನ್ ಏರಿಸಿ ಹೊರಟವು. ಡ್ರೈವರ್ ಫೋನ್ ಮಾಡಿ ಕೇಳಿದರು: ‘ಎಲ್ಲರೂ ಹೋಗ್ತಿದ್ದಾರೆ, ನಾನು?’

ಅದೇ ಹೊತ್ತಿಗೆ ರಾಲಿನ್ಸ್‌ನಲ್ಲಿದ್ದ ಎರಡನೇ ಡ್ರೈವರ್ ಕೇಳದೇ ಹೊರಟರು. ಕೇಳುವ ಅಗತ್ಯವೂ ಇರಲಿಲ್ಲ. ಅವರ ಟ್ರೇಲರ್‌ನಲ್ಲಿ ಡಬ್ಬಿ ಆಹಾರ, ಒಟ್ಟು ತೂಕ 78 ಸಾವಿರ ಪೌಂಡ್. ವಯೋಮಿಂಗ್ ಚಳಿಗಾಲ ಅವರಿಗೆ ಹಳೆಯದು. ಎಲ್ಕ್ ಮೌಂಟನ್ ಅಲ್ಲಿಂದ ಒಂದು ಗಂಟೆಯ ದಾರಿಯೂ ಇಲ್ಲ. ಪೂರ್ತಿ ಬೆಳಕಿನಲ್ಲಿ ದಾಟಬಹುದು.

ಮ್ಯಾನೇಜರ್ ಕೇಳಿದ್ದು ಸಹಜ: ಅವನು ಹೋಗಬಹುದಾದರೆ ಇವನು ಯಾಕೆ ಬೇಡ?

ರಾಜ್ಯದ ಸಾರಿಗೆ ಇಲಾಖೆಯನ್ನು ಎಲ್ಲರೂ ವೈಡಾಟ್ ಅನ್ನುತ್ತಾರೆ. ಅವರ ಪುಟದಲ್ಲಿ ಆರ್ಲಿಂಗ್ಟನ್ ಹತ್ತಿರದ ಗಾಳಿಯ ಗಸ್ಟ್, ಅಂದರೆ ಥಟ್ಟನೆ ಬೀಸುವ ಜೋರು ಹೊಡೆತ, ಗಂಟೆಗೆ 62 ಮೈಲಿ ಅಂತ ತೋರಿಸುತ್ತಿತ್ತು. 53 ಅಡಿ ಟ್ರೇಲರ್‌ನ ಪಕ್ಕದ ಗೋಡೆ ನಾನೂರು ಚದರ ಅಡಿಗೂ ಜಾಸ್ತಿ. ಗಾಳಿಯ ಒತ್ತಡ ಅದರ ವೇಗದ ವರ್ಗದಂತೆ ಏರುತ್ತದೆ. 40ರ ಗಾಳಿ 60 ಆದರೆ ವೇಗ ಒಂದೂವರೆ ಪಟ್ಟು, ಒತ್ತಡ ಎರಡೂಕಾಲು ಪಟ್ಟು. ಆ ಗೋಡೆಯನ್ನು ನೆಲಕ್ಕೆ ಹಿಡಿದಿಡುವುದು ತೂಕ ಒಂದೇ. ಒಬ್ಬರಿಗೆ 78 ಸಾವಿರ, ಇನ್ನೊಬ್ಬರಿಗೆ 44 ಸಾವಿರ. ಟ್ರೇಲರ್ ಗಾತ್ರ ಎರಡಕ್ಕೂ ಒಂದೇ. ವೈಡಾಟ್ ಕೂಡ ಎಷ್ಟೋ ಸಲ ರಸ್ತೆಯನ್ನು ಹಗುರವಾದ, ಎತ್ತರದ ವಾಹನಗಳಿಗೆ ಮಾತ್ರ ಮುಚ್ಚುವುದು ಇದೇ ಕಾರಣಕ್ಕೆ. ಆ ಮಧ್ಯಾಹ್ನ ಬೋರ್ಡಿನಲ್ಲಿ ಆ ನಿಷೇಧ ಇನ್ನೂ ಬಂದಿರಲಿಲ್ಲ. ರಸ್ತೆ ತೆರೆದಿದೆ ಅಂದರೆ ನಮ್ಮ ಟ್ರಕ್ಕಿಗೂ ತೆರೆದಿದೆ ಅಂತ ಮ್ಯಾನೇಜರ್ ವಾದ. ತೆರೆದಿರುವುದು ಎಲ್ಲ ವಾಹನಗಳಿಗೆ, ನಾವು ನೋಡಬೇಕಾದ್ದು ಒಂದೇ ವಾಹನ ಅಂತ ನನ್ನ ವಾದ.

ಹಗುರ ಲೋಡಿಗೆ ಇನ್ನೊಂದು ತೊಂದರೆ ಇದೆ, ಜನ ಇದನ್ನು ಮರೆಯುತ್ತಾರೆ. ಎಳೆಯುವ ಚಕ್ರಗಳ ಮೇಲೆ ತೂಕ ಕಮ್ಮಿ ಇದ್ದರೆ ಹಿಡಿತವೂ ಕಮ್ಮಿ. ಜಾರುವ ರಸ್ತೆಯಲ್ಲಿ ಎಂಜಿನ್ ಬ್ರೇಕ್ ಹಾಕಿದರೆ ಅದು ಆ ಚಕ್ರಗಳನ್ನು ಮಾತ್ರ ತಡೆಯುತ್ತದೆ. ಅವು ಜಾರಿದರೆ ಟ್ರಕ್ಕಿನ ಮುಂಭಾಗ ಟ್ರೇಲರ್ ಕಡೆಗೆ ಮಡಚಿಕೊಳ್ಳುತ್ತದೆ. ಜಾಕ್‌ನೈಫ್ ಅನ್ನುವುದು ಅದನ್ನೇ.

ಇಷ್ಟಾದ ಮೇಲೂ ತೂಕವನ್ನು ಬಿಟ್ಟು ಗಡಿಯಾರ ನೋಡಿದರೂ ಉತ್ತರ ಅದೇ ಬರುತ್ತಿತ್ತು. ಎಕ್ಸಿಟ್ 68ರಿಂದ ರಾಲಿನ್ಸ್ 143 ಮೈಲಿ. 1:15ಕ್ಕೆ ಹೊರಟರೆ ರಾಲಿನ್ಸ್ ಮುಕ್ಕಾಲು ನಾಲ್ಕಕ್ಕೆ, ಎಲ್ಕ್ ಮೌಂಟನ್ ಐದರ ಹತ್ತಿರ. ಜನವರಿಯಲ್ಲಿ ಅಲ್ಲಿ ಐದರ ಹೊತ್ತಿಗೆ ಕತ್ತಲಾಗತೊಡಗುತ್ತದೆ. ಎರಡನೇ ಡ್ರೈವರ್ ಹಗಲಿನಲ್ಲಿ ನೋಡುವ ರಸ್ತೆಯನ್ನು ನಮ್ಮವರು ಕತ್ತಲಲ್ಲಿ, ಮೊದಲ ಸಲ ನೋಡಬೇಕು.

ಮ್ಯಾನೇಜರ್ ಆಗ ಹೇಳಿದ್ದು ನಿಜವಾಗಿಯೂ ಯೋಚಿಸುವಂಥ ಮಾತು. ದಾಟುವುದು ಬೇಡ, ರಾಲಿನ್ಸ್ ತನಕ ಹೋಗಿ ನಿಲ್ಲಲಿ. ಗುರುವಾರ ಬೆಳಗ್ಗೆ 143 ಮೈಲಿ ಮುಂದಿರುತ್ತಾನೆ. ನಾನು ಇದನ್ನು ಅರ್ಧ ಗಂಟೆ ತೂಗಿದೆ. ಎರಡು ವಿಷಯ ಅಡ್ಡ ಬಂದವು. ಒಂದು, ರಾಲಿನ್ಸ್‌ನಲ್ಲಿ ಬೆಳಗ್ಗೆ 5ರಿಂದ ನಿಂತ ಟ್ರಕ್‌ಗಳು ರ‍್ಯಾಂಪ್‌ಗಳಲ್ಲೂ ಎರಡೆರಡು ಸಾಲಾಗಿ ನಿಂತಿವೆ ಅಂತ ಎರಡನೇ ಡ್ರೈವರ್ ಹೊರಡುವಾಗ ಹೇಳಿದ್ದರು. ಊರಿನಲ್ಲಿ ಜಾಗ ಮುಗಿದರೆ ವೈಡಾಟ್ ಇನ್ನೂ ಹಿಂದಿನ ಊರಿನಲ್ಲೇ ರಸ್ತೆ ಮುಚ್ಚುತ್ತದೆ. ಅದನ್ನು ರೋಲಿಂಗ್ ಕ್ಲೋಷರ್ ಅನ್ನುತ್ತಾರೆ. ಮಧ್ಯದಲ್ಲಿ ಸಿಕ್ಕಿದವರು ಎಕ್ಸಿಟ್ ಪಕ್ಕದಲ್ಲೋ ರಸ್ತೆ ಬದಿಯಲ್ಲೋ ರಾತ್ರಿ ಕಳೆಯಬೇಕು. ಎರಡು, ಕೆಲಸ ಶುರು ಮಾಡಿದ ಕ್ಷಣದಿಂದ 14 ಗಂಟೆ ಶುರು. ನಿಂತಲ್ಲೇ ಇದ್ದರೆ ಗಡಿಯಾರ ಹಾಗೇ ಉಳಿಯುತ್ತದೆ, ಗಾಳಿ ಇಳಿದ ಕೂಡಲೇ ಪೂರ್ತಿ 11 ಗಂಟೆ ಕೈಯಲ್ಲಿರುತ್ತದೆ.

ನಿಲ್ಲುವುದು ಅಂತ ತೀರ್ಮಾನ ಆಯಿತು. ಡ್ರೈವರ್ ನಿಟ್ಟುಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಫೆಡರಲ್ ನಿಯಮ 392.14 ಅಪಾಯ ಅತಿಯಾದರೆ ವಾಹನ ನಿಲ್ಲಿಸಲೇಬೇಕು ಅನ್ನುತ್ತದೆ. ಹಾಗೆ ನಿಲ್ಲಿಸಿದ ಡ್ರೈವರ್ ಮೇಲೆ ಒತ್ತಡ ಹಾಕುವಂತಿಲ್ಲ ಅಂತ ಇನ್ನೊಂದು ನಿಯಮ ಇದೆ. ಆದರೆ ಹೊಸ ರಸ್ತೆಯಲ್ಲಿ, ಎಲ್ಲರೂ ಹೊರಟಿರುವಾಗ, ನಾನು ಹೋಗಲ್ಲ ಅನ್ನುವುದು ಡ್ರೈವರ್‌ಗೆ ಸುಲಭ ಅಲ್ಲ. ಆ ಮಾತು ಡೆಸ್ಕಿನಿಂದಲೇ ಬರುವುದು ವಾಸಿ.

3:40ಕ್ಕೆ ರಸ್ತೆ ಮತ್ತೆ ಮುಚ್ಚಿತು. ಎರಡನೇ ಡ್ರೈವರ್ ಅಷ್ಟರಲ್ಲಿ ಲಾರಮಿ ಮುಟ್ಟಿದ್ದರು. ನೂರು ಮೈಲಿಗೆ ಎರಡೂವರೆ ಗಂಟೆ ಹಿಡಿದಿತ್ತು. ಅವರು ಹೇಳಿದ್ದು: ಕೆಲವು ಕಡೆ ರಸ್ತೆ ಬದಿಯ ರಿಫ್ಲೆಕ್ಟರ್ ಕಂಬಗಳನ್ನು ಒಂದಾದ ಮೇಲೊಂದು ಎಣಿಸಿಕೊಂಡೇ ಓಡಿಸಿದೆ, ಟ್ರೇಲರ್ ಮಾತ್ರ ಅಲುಗಲಿಲ್ಲ. ಎಲ್‌ಇಡಿ ಟೇಲ್ ಲೈಟುಗಳ ಮೇಲೆ ಹಿಮ ಪೂರ್ತಿ ಅಂಟಿ, ಹಿಂದಿನವರಿಗೆ ಏನೂ ಕಾಣದ ಹಾಗಿತ್ತಂತೆ. ಹಳೆಯ ಬಲ್ಬುಗಳ ಬಿಸಿಗೆ ಹಿಮ ಕರಗುತ್ತಿತ್ತು. ಎಲ್‌ಇಡಿ ತಣ್ಣಗೇ ಇರುತ್ತದೆ. ಹಾಗಾಗಿ ಲಾರಮಿಯಲ್ಲಿ ಅವರು ಮೊದಲು ಮಾಡಿದ ಕೆಲಸ ಇಳಿದು ಲೈಟು ಒರೆಸಿದ್ದು.

ನೀಲಿ ಗೆರೆ

ಸಂಜೆ ಇನ್ನೊಂದು ಪರೀಕ್ಷೆ ಬಂತು. ನಮ್ಮ ಡ್ರೈವರ್ ಫೋನಿನ ನಕ್ಷೆಯ ಚಿತ್ರ ಕಳಿಸಿದರು. ಐ-80 ಕೆಂಪು. ಆದರೆ ವಾಲ್ಕಟ್ ಜಂಕ್ಷನ್‌ನಿಂದ ಯುಎಸ್ 30ರಲ್ಲಿ ಮೆಡಿಸಿನ್ ಬೋ ಮೂಲಕ ಲಾರಮಿಗೆ ಒಂದು ನೀಲಿ ಗೆರೆ. ಡ್ರೈವರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಸಿಬಿ ರೇಡಿಯೋದಲ್ಲೂ ಯಾರೋ 30 ತೆರೆದಿದೆ ಅಂತ ಹೇಳುತ್ತಿದ್ದರು.

ಫೋನಿನ ನಕ್ಷೆಗೆ ಗೊತ್ತಿರುವುದು ರಸ್ತೆ ಇದೆ ಅನ್ನುವುದು. ಅದರ ಮೇಲೆ 44 ಸಾವಿರ ಪೌಂಡಿನ ಟ್ರಕ್ ಈ ಗಾಳಿಯಲ್ಲಿ ನಿಲ್ಲುತ್ತದಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಯುಎಸ್ 30 ಬಹುತೇಕ ಎರಡು ಲೇನಿನದು. ಗಾಳಿ ಅಲ್ಲೂ ಇದೆ. ಊರುಗಳು ಸಣ್ಣವು, ನಿಲ್ಲಲು ಜಾಗ ಕಮ್ಮಿ. ಐ-80 ಮುಚ್ಚಿದಾಗ ಎಲ್ಲರೂ ಅದಕ್ಕೇ ನುಗ್ಗುತ್ತಾರೆ ಅಂತ ವೈಡಾಟ್ ಎಷ್ಟೋ ಸಲ ಅದನ್ನೂ ಜೊತೆಗೇ ಮುಚ್ಚುತ್ತದೆ. ಮುಚ್ಚಿದ ರಸ್ತೆಯಲ್ಲಿ ಹೋದರೆ ವಯೋಮಿಂಗ್ ಕಾನೂನಿನಲ್ಲಿ 750 ಡಾಲರ್ ತನಕ ದಂಡ, 30 ದಿನದ ತನಕ ಜೈಲು. ಅರ್ಧ ಗಂಟೆಯಲ್ಲಿ ಅದೂ ಮುಚ್ಚಿತು. ನಾವು ಅದಕ್ಕೆ ಮೊದಲೇ ಬೇಡ ಅಂದಿದ್ದೆವು.

ಗುರುವಾರ

ಬೆಳಗಿನ ಜಾವ ಗಸ್ಟ್ 40ಕ್ಕಿಂತ ಕೆಳಗಿಳಿಯಿತು. 3ಕ್ಕೆ ರಸ್ತೆ ತೆರೆಯಿತು. ಡ್ರೈವರ್ ಹೊರಟದ್ದು 4:15ಕ್ಕೆ. ಎಲ್ಕ್ ಮೌಂಟನ್ ಹತ್ತಿರ ಬರುವಾಗ ಬೆಳಕಾಗಿರಲಿ ಅಂತ ಲೆಕ್ಕ ಹಾಕಿಯೇ ಆ ಸಮಯ. ಎಂಜಿನ್ ಬ್ರೇಕ್ ಆಫ್, ಕ್ರೂಸ್ ಕಂಟ್ರೋಲ್ ಆಫ್.

ಗಾಳಿ ಹೋಗಿತ್ತು, ಐಸ್ ಉಳಿದಿತ್ತು. ಆರ್ಲಿಂಗ್ಟನ್ ಹತ್ತಿರ ರಸ್ತೆ ಬರೀ ಒದ್ದೆಯಾದ ಹಾಗೆ ಕಪ್ಪಗೆ ಕಾಣುತ್ತಿತ್ತು. ಮುಂದಿನ ಟ್ರಕ್ಕಿನ ಟೈರುಗಳಿಂದ ಅಲ್ಲಿಯ ತನಕ ನೀರು ಚಿಮ್ಮುತ್ತಿತ್ತು. ಒಂದು ಕಡೆ ಅದು ಥಟ್ಟನೆ ನಿಂತಿತು. ರಸ್ತೆ ಒದ್ದೆಯಾಗಿ ಕಾಣುತ್ತಿದೆ, ನೀರು ಮಾತ್ರ ಚಿಮ್ಮುತ್ತಿಲ್ಲ ಅಂದರೆ ಅದು ನೀರಲ್ಲ. ಡ್ರೈವರ್ ಬ್ರೇಕ್ ಮುಟ್ಟದೆ ಆಕ್ಸಿಲರೇಟರ್ ಮಾತ್ರ ಬಿಟ್ಟು 35ಕ್ಕೆ ಇಳಿದರು. ಕನ್ನಡಿಯ ತೋಳಿನ ಮುಂಬದಿಗೂ ತೆಳ್ಳಗೆ ಐಸ್ ಕಟ್ಟಿತ್ತಂತೆ. ಹೋಗುವ, ಬರುವ ರಸ್ತೆಗಳ ನಡುವಿನ ಜಾಗದಲ್ಲಿ ಮಗ್ಗುಲಾಗಿ ಬಿದ್ದ ಟ್ರೇಲರ್‌ಗಳಿದ್ದವು. ಅವರು ಎಣಿಸಲಿಲ್ಲ, ನಾನೂ ಕೇಳಲಿಲ್ಲ.

ಶರ್ಮನ್ ಸಮಿಟ್ ದಾಟಿ ನೆಬ್ರಾಸ್ಕಾ ಸೇರಿದ ಮೇಲೆ ಒಣ ರಸ್ತೆ. ರಾತ್ರಿ ನಾರ್ತ್ ಪ್ಲಾಟ್ ದಾಟಿ ನಿಂತು, ಶುಕ್ರವಾರ ಬೆಳಗ್ಗೆ 10ಕ್ಕೆ ಸರಿಯಾಗಿ ಒಮಾಹಾದಲ್ಲಿ ಲೋಡ್ ಇಳಿಸಿದರು. ತಡವಾದದ್ದಕ್ಕೆ ದಂಡ ಬೀಳಲಿಲ್ಲ. ಆದರೆ ಒಮಾಹಾದಿಂದ ಗುರುವಾರ ಸಂಜೆ ಎತ್ತಬೇಕಿದ್ದ ಲೋಡ್ ಕೈತಪ್ಪಿತು. ಬುಧವಾರ ಪೂರ್ತಿ ಕೂತದ್ದಕ್ಕೆ ಡ್ರೈವರ್‌ಗೆ ಲೇಓವರ್ ಹಣ ಕಂಪನಿಯೇ ಕೊಟ್ಟಿತು. ನಿಂತದ್ದು ಪುಕ್ಕಟೆ ಆಗಲಿಲ್ಲ.

ಆಮೇಲೆ

ಸೋಮವಾರ ಕೂತು ಇದನ್ನು ಬಿಡಿಸಿ ನೋಡಿದೆವು. ಮ್ಯಾನೇಜರ್ ಎರಡನೇ ಟ್ರಕ್ಕನ್ನೇ ಮುಂದಿಟ್ಟರು: ದಾಟಿದ, ಏನೂ ಆಗಲಿಲ್ಲ. ಹಾಗೆ ನೋಡಿದರೆ ನಿಂತ ಟ್ರಕ್ಕಿಗೂ ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದನ್ನು ಇಟ್ಟುಕೊಂಡು ಯಾವ ನಿರ್ಧಾರವನ್ನೂ ಅಳೆಯಲು ಬರುವುದಿಲ್ಲ. ಹೊರಡುವ ಹೊತ್ತಿಗೆ ಕೈಯಲ್ಲಿ ಏನು ಮಾಹಿತಿ ಇತ್ತು, ಅದಕ್ಕೆ ನಿರ್ಧಾರ ಹೊಂದುತ್ತಿತ್ತಾ ಅಂತ ನೋಡಬೇಕು. ಎರಡನೇ ಡ್ರೈವರ್‌ಗೆ ತೂಕ ಇತ್ತು, ಬೆಳಕಿತ್ತು, ಅನುಭವ ಇತ್ತು, ದೂರ ಕಮ್ಮಿ ಇತ್ತು. ನಾಲ್ಕರಲ್ಲಿ ಒಂದೂ ನಮ್ಮ ಟಿಶ್ಯೂ ಪೇಪರ್ ಟ್ರಕ್ಕಿಗೆ ಇರಲಿಲ್ಲ.

ಪ್ಲಾನಿಂಗ್ ಶೀಟ್ ಆಮೇಲೆ ಬದಲಾಯಿತು. ಮೊದಲು ಅದರಲ್ಲಿ ಎಷ್ಟು ಇಂಚು ಹಿಮ ಅನ್ನುವ ಕಾಲಂ ಮೇಲಿತ್ತು. ಈಗ ಮೇಲಿರುವುದು ಒಟ್ಟು ತೂಕ ಮತ್ತು ಗಸ್ಟ್. ಬಿರುಗಾಳಿ ಯಾವ ದಿಕ್ಕಿಗೆ, ಟ್ರಕ್ ಯಾವ ದಿಕ್ಕಿಗೆ ಅನ್ನುವುದಕ್ಕೆ ಒಂದು ಸಾಲು ಬಂತು. ನಿಲ್ಲುವ ಜಾಗ ಈಗ ಒಂದಲ್ಲ, ಎರಡು ಬರೆಯಬೇಕು. ಎರಡನೇದಕ್ಕೆ ಮುಟ್ಟಿದಾಗ ಗಡಿಯಾರದಲ್ಲಿ ಎಷ್ಟು ಉಳಿದಿರುತ್ತದೆ ಅಂತಲೂ. ಮುನ್ಸೂಚನೆಯಲ್ಲಿ ಹಿಮ ನಿಲ್ಲುವ ಸಮಯ ಬರೆದರೆ, ಪಕ್ಕದಲ್ಲೇ ಗಾಳಿ ಇಳಿಯುವ ಸಮಯ ಬರೆಯದೇ ಶೀಟ್ ಮುಗಿಯುವುದಿಲ್ಲ. ಆ ಬುಧವಾರ ಈ ಎರಡರ ನಡುವೆ ಇದ್ದದ್ದು ಹದಿನೈದು ಗಂಟೆ.

ತೂಕಕ್ಕೂ ಗಾಳಿಗೂ ಒಂದು ಗೆರೆ ಎಳೆಯುವಾಗ ಜಗಳವೇ ಆಯಿತು. ಕೊನೆಗೆ ಒಟ್ಟು ತೂಕ 50 ಸಾವಿರ ಪೌಂಡಿಗಿಂತ ಕಮ್ಮಿ, ಗಸ್ಟ್ 50ಕ್ಕಿಂತ ಜಾಸ್ತಿ ಇದ್ದರೆ ರಾಲಿನ್ಸ್–ಲಾರಮಿ ದಾಟಿಸುವುದಿಲ್ಲ ಅಂತ ಬರೆದೆವು. ಇದು ನಮ್ಮ ಕಂಪನಿಯ ಅಂಕಿ, ಯಾವ ಇಲಾಖೆಯದೂ ಅಲ್ಲ. ಎರಡನೇ ಡ್ರೈವರ್ ಇದೂ ಸಡಿಲವಾಯಿತು, ಗಸ್ಟ್ 45 ಮಾಡಿ ಅನ್ನುತ್ತಾರೆ. ಮ್ಯಾನೇಜರ್ 55 ಇರಲಿ ಅನ್ನುತ್ತಾರೆ. ರಾಲಿನ್ಸ್ ತನಕ ಮುಂದೆ ಸರಿಸಬೇಕಿತ್ತು ಅನ್ನುವ ಮಾತನ್ನೂ ಅವರು ಬಿಟ್ಟಿಲ್ಲ. ಅಲ್ಲಿ ಜಾಗ ಇದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಮುಂದಿನ ಬಿರುಗಾಳಿಗೆ ಮೊದಲು ರಾಲಿನ್ಸ್‌ನಲ್ಲಿ ಹಿಂದಿನ ಸಂಜೆಯೇ ದುಡ್ಡು ಕೊಟ್ಟು ಪಾರ್ಕಿಂಗ್ ಕಾಯ್ದಿರಿಸಲು ಆಗುತ್ತದಾ ಅಂತ ಈಗ ವಿಚಾರಿಸುತ್ತಿದ್ದೇವೆ.